97ನೇ ತಿದ್ದುಪಡಿ: ಕಲಬುರಗಿಯಲ್ಲಿ ಒಂದು ಪುಸ್ತಕ ಕಳುವಾದ ಪ್ರಕರಣ

ಆ ಹುಡುಗ ಅಂಗಡಿಗೆ ಬಂದದ್ದು ಪುಸ್ತಕ ಕೊಳ್ಳಲು ಅಲ್ಲ, ಪುಸ್ತಕದ ತಪ್ಪು ತೋರಿಸಲು.

2024ರ ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡೂವರೆ. ಆ ಹೊತ್ತಿಗೆ ಕಲಬುರಗಿಯಲ್ಲಿ ರಸ್ತೆ ಖಾಲಿ ಇರುತ್ತದೆ. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿರುವ ಆ ಪುಸ್ತಕದಂಗಡಿಯ ಅರ್ಧ ಶಟರ್ ಇಳಿಸಿ, ಮಾಸ್ತರರು ಲೆಕ್ಕ ಬರೆಯುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಇನ್ನೊಂದು ಪುಸ್ತಕದ ಪ್ರೂಫ್ ನೋಡುತ್ತಿದ್ದೆ. ಹುಡುಗ ಬಗ್ಗಿ ಒಳಗೆ ಬಂದ. ಬೆವರು ಒರೆಸಿಕೊಂಡು ಫೋನ್ ತೆಗೆದ.

"ಸರ್, ನಿಮ್ಮ ಪುಸ್ತಕದಾಗ ತಪ್ಪ್ ಅದ ರೀ. 371 ಜೆ ಬಂದದ್ದು 98ನೇ ತಿದ್ದುಪಡಿ ಅಲ್ಲೇನ್ರಿ? ನೀವು 97 ಅಂತ ಹಾಕೀರಿ."

371(ಜೆ) ಅಂದರೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ. ಮಾಸ್ತರರು ಗಾಬರಿಯಾಗಿ ಕಪಾಟಿನಿಂದ ಪುಸ್ತಕ ತೆಗೆದು ಆ ಪುಟ ಹುಡುಕಿದರು. ಪುಸ್ತಕದಲ್ಲಿ 98 ಅಂತಲೇ ಇತ್ತು. ಹುಡುಗನ ಫೋನಿನಲ್ಲಿ 97 ಇತ್ತು. ಅದೇ ಪುಟ, ಅದೇ ಅಕ್ಷರ, ಅದೇ ಗೆರೆ. ಒಂದು ಅಂಕಿ ಮಾತ್ರ ಬೇರೆ.

"ಇದು ನಿನಗ ಎಲ್ಲಿ ಸಿಕ್ತು ಅಪ್ಪಾ?"

"ಸುಳ್ಳ್ ಹೇಳಂಗಿಲ್ಲ ರೀ ಸರ್. ಮೆಸೇಜ್ ಆ್ಯಪ್‌ನ ಚಾನೆಲ್‌ದಾಗ ಪಿಡಿಎಫ್ ಬಂತು. ನಮ್ಮ ರೂಮಿನಾಗ ಎಲ್ಲಾರ ಕಡಿ ಇದೇ ಅದ."

ನನಗೆ ಕೈಕಾಲು ತಣ್ಣಗಾಯಿತು. ಆ ಪುಟ ಕಟ್ಟಿದ್ದು ನಾನು. 97 ಅಂತ ಟೈಪ್ ಮಾಡಿದ್ದೂ ನಾನೇ, ಆಮೇಲೆ ತಿದ್ದಿದ್ದೂ ನಾನೇ.

ಆ ದಿನದಿಂದ ಮುಂದಿನ ವರ್ಷದ ಜಾತ್ರೆಯವರೆಗೆ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಬರೆಯುವುದು ಬೇಡ ಎಂದರು ಮಾಸ್ತರರು, ಹಾಗಾಗಿ ಬರೆದಿಲ್ಲ. ಆದರೆ ಲೆಕ್ಕ ಪೂರಾ ಬರೆ ಎಂದರು. ಬೆಂಗಳೂರಿನ ದೊಡ್ಡ ಪ್ರಕಾಶಕರ ಬಗ್ಗೆ ಮಾತಾಡುವವರು ಇದ್ದಾರೆ. ನಮ್ಮ ಕಡೆಯ ಸಣ್ಣ ಪ್ರಕಾಶಕರಿಗೆ ಪಿಡಿಎಫ್ ಕಾಲದಲ್ಲಿ ಏನಾಗುತ್ತಿದೆ ಎಂದು ಯಾರಾದರೂ ಬರೆದಿಡಬೇಕು, ಅಲ್ವಾ?

ಗೈಡಿನ ದುಡ್ಡಿನಲ್ಲಿ ಕವಿತೆ

ಮಾಸ್ತರರು ನಿವೃತ್ತ ಹೈಸ್ಕೂಲು ಶಿಕ್ಷಕರು. ಅಂಗಡಿಯ ಜೊತೆಗೆ ಪ್ರಕಾಶನವೂ ಇದೆ. ಇಷ್ಟು ವರ್ಷಗಳಲ್ಲಿ ಅರವತ್ತರ ಹತ್ತಿರ ಪುಸ್ತಕ ತಂದಿದ್ದಾರೆ. ಕವನ ಸಂಕಲನ, ಕಥೆ, ಊರಿನ ಚರಿತ್ರೆ, ಒಂದೆರಡು ನಾಟಕ. ಇವುಗಳಲ್ಲಿ ಹಾಕಿದ ದುಡ್ಡು ಬೇಗ ಬರುವುದಿಲ್ಲ. ಗ್ರಂಥಾಲಯದ ಸಗಟು ಖರೀದಿಗೆ ಆಯ್ಕೆಯಾದರೆ ಉಸಿರಾಡಬಹುದು. ಆಗದಿದ್ದರೆ ಅಟ್ಟ.

ಹಾಗಾಗಿ ವರ್ಷಕ್ಕೊಂದು ಗೈಡು ತರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಸಂವಿಧಾನಕ್ಕೆ 371(ಜೆ) ಸೇರಿದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಸರ್ಕಾರಿ ಹುದ್ದೆಗೆ ಓದುವವರು ಜಾಸ್ತಿಯಾದರು. ಸ್ಥಳೀಯರಿಗೆ ಮೀಸಲಾತಿ ಇದೆ, ಕೆಲಸ ಸಿಗುವ ಆಸೆ ಇದೆ. ಆಳಂದ, ಅಫಜಲಪುರ, ಚಿತ್ತಾಪುರ, ಜೇವರ್ಗಿಯ ಹಳ್ಳಿಗಳಿಂದ ಬಂದು ಇಲ್ಲಿ ರೂಮು ಮಾಡಿಕೊಂಡು, ಕೈಯಾರೆ ಅಡುಗೆ ಮಾಡಿಕೊಂಡು ಓದುವ ಹುಡುಗ ಹುಡುಗಿಯರು ಸಾವಿರಗಟ್ಟಲೆ ಇದ್ದಾರೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ, ಪಿಡಿಒ ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಒಬ್ಬ ನಿವೃತ್ತ ಉಪನ್ಯಾಸಕಿಯವರು ಎರಡು ವರ್ಷ ಕೂತು ಬರೆದ ಕೈಪಿಡಿ ಅದೇ ಮಾರ್ಚಿನಲ್ಲಿ ಹೊರಬಂತು. ಇತಿಹಾಸ, ಸಂವಿಧಾನ, ಕನ್ನಡ ವ್ಯಾಕರಣ, ಅರ್ಥಶಾಸ್ತ್ರ ಎಲ್ಲ ಸೇರಿ 320 ಪುಟ. ಅಂದರೆ ಹದಿನಾರು ಪುಟದ 20 ಫಾರಂ. ಬೆಲೆ 250 ರೂಪಾಯಿ. 2000 ಪ್ರತಿ.

ಲೆಕ್ಕ ಹೀಗಿತ್ತು. ಕಾಗದ, ಪ್ಲೇಟ್, ಮುದ್ರಣ, ಬೈಂಡಿಂಗ್ ಸೇರಿ ಪ್ರತಿಗೆ 72 ರೂಪಾಯಿ. ಮಾರುವ ಅಂಗಡಿಗೆ ನೂರಕ್ಕೆ 35 ಕಮಿಷನ್, ಅಂದರೆ 87 ರೂಪಾಯಿ 50 ಪೈಸೆ. ಮೇಡಂ ಅವರ ರಾಯಲ್ಟಿ 25. ಡಿಟಿಪಿ, ಸಾಗಾಟ, ಚಿಲ್ಲರೆ ಖರ್ಚು 15. ಉಳಿಯುವುದು ಹೆಚ್ಚುಕಡಿಮೆ 50 ರೂಪಾಯಿ. ಎಲ್ಲ ಪ್ರತಿ ಮಾರಿದರೆ ಒಂದು ಲಕ್ಷ.

ಆ ಲಕ್ಷದಲ್ಲಿ 70 ಸಾವಿರಕ್ಕೆ ಆಗಲೇ ದಾರಿ ಗೊತ್ತಾಗಿತ್ತು. ಒಬ್ಬ ಭಜನೆ ಮೇಳದ ಹಿರಿಯರು ಮೂವತ್ತು ವರ್ಷಗಳಿಂದ ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಶಿಷ್ಯರ ತತ್ವಪದಗಳನ್ನು, ಅಂದರೆ ಭಜನೆಯಲ್ಲಿ ಹಾಡುವ ಅನುಭಾವದ ಪದಗಳನ್ನು, ಊರೂರು ಸುತ್ತಿ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಹನ್ನೊಂದು ನೋಟ್‌ಬುಕ್ಕು. ಕೆಲವಕ್ಕೆ ಗೆದ್ದಲು ಹತ್ತಿತ್ತು. ಅದನ್ನು ಪುಸ್ತಕ ಮಾಡಬೇಕು ಎನ್ನುವುದು ಮಾಸ್ತರರ ಬಹಳ ದಿನದ ಆಸೆ. ಗೈಡು ಮಾರಿದ ದುಡ್ಡಿನಲ್ಲಿ ತತ್ವಪದ ಅಂತ ಅವರು ಎಲ್ಲರ ಮುಂದೆ ಹೇಳಿಬಿಟ್ಟಿದ್ದರು.

ಮೊದಲ ತಿಂಗಳು 640 ಪ್ರತಿ ಹೋದವು. ಆಮೇಲೆ ಒಮ್ಮೆಗೇ ನಿಂತಿತು. ಯಾಕೆ ಅಂತ ನಮಗೆ ಗೊತ್ತಾಗಲಿಲ್ಲ. ಬಿಸಿಲು ಅಂದುಕೊಂಡೆವು. ಹುಡುಗರು ಊರಿಗೆ ಹೋಗಿರಬೇಕು ಅಂದುಕೊಂಡೆವು. ಆ ಹುಡುಗ ಬಂದು ಫೋನ್ ತೋರಿಸಿದ ಮೇಲೆ ತಿಳಿಯಿತು.

ಫೈಲು ಹೋದ ದಾರಿ

97 ಎಂಬ ತಪ್ಪೇ ನಮಗೆ ಸುಳಿವು ಕೊಟ್ಟಿತು. 97ನೇ ತಿದ್ದುಪಡಿ ಸಹಕಾರ ಸಂಘಗಳಿಗೆ ಸಂಬಂಧಿಸಿದ್ದು, 98ನೆಯದು ನಮ್ಮ 371(ಜೆ). ಎರಡೂ ಪಕ್ಕಪಕ್ಕದ ಅಂಕಿ, ಬೆರಳು ಜಾರಿತ್ತು. ಮೇಡಂ ಎರಡನೇ ಪ್ರೂಫಿನಲ್ಲಿ ಅದನ್ನು ಹಿಡಿದು ಕೆಂಪು ಗೆರೆ ಹಾಕಿದ್ದರು. ಮೂರನೇ ಪ್ರೂಫಿನಲ್ಲಿ 98 ಆಯಿತು. ಅಂದರೆ ಕದ್ದವರ ಕೈಗೆ ಸಿಕ್ಕಿದ್ದು ಎರಡನೇ ಪ್ರೂಫಿನ ಫೈಲು. ಅದು ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡಿದ್ದಲ್ಲ, ಪ್ರೆಸ್ಸಿಗೆ ಹೋದ ಫೈಲೂ ಅಲ್ಲ. ಪುಸ್ತಕ ಹುಟ್ಟುವ ಮೊದಲೇ ಹೊರಗೆ ಹೋಗಿತ್ತು.

ಎರಡನೇ ಪ್ರೂಫ್ ಎಲ್ಲೆಲ್ಲಿಗೆ ಹೋಗಿತ್ತು? ನಾನು ರಾತ್ರಿ ಕೂತು ಫೋನಿನ ಹಳೇ ಮೆಸೇಜುಗಳನ್ನೆಲ್ಲ ತೆಗೆದೆ. ಮೇಡಂ ಅವರ ವಾಟ್ಸಾಪ್‌ಗೆ ಒಂದು. ಮುಂಗಡ ಆರ್ಡರ್ ಕೊಡುತ್ತೇವೆ, ಮೊದಲು ನೋಡಬೇಕು ಎಂದಿದ್ದ ಒಂದು ಕೋಚಿಂಗ್ ಸೆಂಟರಿಗೆ ಒಂದು. ಮೂರನೆಯದು ಒಂದು ಝೆರಾಕ್ಸ್ ಅಂಗಡಿಗೆ. ಮೇಡಂ ಅವರಿಗೆ ಫೋನಿನಲ್ಲಿ ಓದಲು ಕಣ್ಣು ಸಾಲದು, ಕಾಗದದ ಮೇಲೆ ಬೇಕು. ನಾನು ಫೈಲನ್ನು ಆ ಅಂಗಡಿಯ ನಂಬರಿಗೆ ಕಳಿಸಿದೆ, ಅವರು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪ್ರಿಂಟ್ ಕೊಟ್ಟರು. ನಮ್ಮ ಊರಲ್ಲಿ ದಿನಕ್ಕೆ ಸಾವಿರ ಜನ ಹೀಗೇ ಮಾಡುತ್ತಾರೆ. ಆಧಾರ್ ಕಾರ್ಡಿನಿಂದ ಹಿಡಿದು ಪಿಎಚ್‌ಡಿ ಪ್ರಬಂಧದವರೆಗೆ ಎಲ್ಲವೂ ಆ ಕಂಪ್ಯೂಟರುಗಳಲ್ಲಿ ಉಳಿದುಕೊಂಡಿರುತ್ತದೆ.

ಯಾರು ಹೊರಗೆ ಬಿಟ್ಟರು ಅಂತ ನಾವು ಸಾಬೀತು ಮಾಡಲಾಗಲಿಲ್ಲ. ಅದಕ್ಕೆ ಯಾರ ಮೇಲೂ ಬೊಟ್ಟು ಮಾಡುವುದಿಲ್ಲ. ಆದರೆ ಬೀಗ ಇಲ್ಲದ, ಹೆಸರು ಇಲ್ಲದ ಫೈಲನ್ನು ಮೂರು ಕಡೆ ಕಳಿಸಿದ್ದು ನಾನು. ಮಾಸ್ತರರ ಮುಂದೆ ಹೇಳಿದೆ. ಅವರು ಸುಮ್ನೆ ತಲೆ ಅಲ್ಲಾಡಿಸಿದರು, ಚಹಾ ತರಿಸಿದರು. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಫೈಲು ಚಾನೆಲ್‌ಗೆ ಬಿದ್ದ ಮೇಲೆ ಇನ್ನೊಂದು ಬೆಳವಣಿಗೆ ಆಯಿತು. ವಿಶ್ವವಿದ್ಯಾಲಯದ ಕಡೆ, ಕೋಚಿಂಗ್ ಗಲ್ಲಿಗಳಲ್ಲಿ ಅದೇ ಪಿಡಿಎಫ್ ತೆಗೆದು ಸ್ಪೈರಲ್ ಹಾಕಿ 160 ರೂಪಾಯಿಗೆ ಮಾರತೊಡಗಿದರು. ಒಂದು ಪ್ರತಿ ನಾನೇ ತಂದೆ. ಎರಡೂ ಬದಿ ಝೆರಾಕ್ಸ್, ಅಂಚಿನಲ್ಲಿ ಕಪ್ಪು ಗೆರೆ. ನಕಾಶೆ ಬರಬೇಕಾದ ಅರ್ಧ ಪುಟ ಖಾಲಿ, ಯಾಕಂದರೆ ಎರಡನೇ ಪ್ರೂಫಿನ ಹೊತ್ತಿಗೆ ನಕಾಶೆ ಇನ್ನೂ ಬಂದಿರಲಿಲ್ಲ. ಅದನ್ನು ಕೊಂಡ ಹುಡುಗರು ಖಾಲಿ ಜಾಗದಲ್ಲಿ ತಮ್ಮ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು.

ದೂರು ಕೊಡಲು ಹೋದರೆ

ಕಾನೂನು ನಮ್ಮ ಪರ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಕೃತಿ ಕದ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಕೇಸು ದಾಖಲಿಸಬಹುದಾದ ಅಪರಾಧ ಇದು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೃತಿಯನ್ನು ನೋಂದಣಿ ಮಾಡಿಸಲೇಬೇಕು ಅಂತಲೂ ಇಲ್ಲ, ಬರೆದ ಕ್ಷಣದಿಂದಲೇ ಹಕ್ಕು ಇರುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು, ಕೋಚಿಂಗ್ ಪಾಠಗಳನ್ನು ಕದ್ದು ಹಂಚುತ್ತಿದ್ದ ಚಾನೆಲ್‌ಗಳನ್ನು ನಡೆಸುವವರ ವಿವರ ಕೊಡಿ ಎಂದು ಟೆಲಿಗ್ರಾಂಗೆ ಆದೇಶ ಮಾಡಿತ್ತು. ಕಂಪನಿ ಕೊಡಲೇಬೇಕಾಯಿತು. ಇದನ್ನೆಲ್ಲ ಮಾಸ್ತರರ ಸೊಸೆ ಓದಿ ತಿಳಿದುಕೊಂಡರು. ಅಂಗಡಿಯ ಲೆಕ್ಕ, ಫೋನು, ಕಂಪ್ಯೂಟರ್ ನೋಡಿಕೊಳ್ಳುವವರು ಅವರೇ.

ನಮ್ಮ ಫೈಲು ಇದ್ದ ಆ್ಯಪ್‌ನ ದೂರು ವಿಭಾಗಕ್ಕೆ ಅವರು ಇಮೇಲ್ ಬರೆದರು. ಕೃತಿಸ್ವಾಮ್ಯದ ನಿಯಮಗಳ ಪ್ರಕಾರ, ಹಕ್ಕುದಾರರ ಲಿಖಿತ ದೂರು ಬಂದ 36 ಗಂಟೆಯೊಳಗೆ ಅಂಥ ಕೊಂಡಿಯನ್ನು ತಡೆಯಬೇಕು. 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಕೆಲವು ದಿನಗಳಲ್ಲಿ ಆ ಚಾನೆಲ್‌ನಿಂದ ಫೈಲು ಹೋಯಿತು. ವಾರದೊಳಗೆ ಬೇರೆ ಎರಡು ಚಾನೆಲ್‌ಗಳಲ್ಲಿ ಬಂತು. ಒಂದರಲ್ಲಿ ಮುಖಪುಟದ ಮೇಲೆ ಆ ಚಾನೆಲ್‌ನವರು ತಮ್ಮದೇ ಮುದ್ರೆ ಒತ್ತಿದ್ದರು.

ಠಾಣೆಗೆ ಹೋದೆವು. ಅಲ್ಲಿದ್ದ ಅಧಿಕಾರಿ ಸಮಾಧಾನದಿಂದಲೇ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ಪುಸ್ತಕದ ಹಕ್ಕು ಯಾರದು ರೀ? ನಿಮ್ಮದೋ, ಬರೆದವರದೋ? ಕಾಗದ ಅದ ಏನು?"

ಕಾಗದ ಇರಲಿಲ್ಲ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಇದೇ. ಮಾಸ್ತರರು ಇಷ್ಟು ವರ್ಷ ತಂದ ಪುಸ್ತಕಗಳಲ್ಲಿ ಒಂದಕ್ಕೂ ಕರಾರು ಇಲ್ಲ. ಎಲ್ಲ ಮಾತಿನ ಮೇಲೆ. ಲೇಖಕರು ಹಸ್ತಪ್ರತಿ ಕೊಡುತ್ತಾರೆ, ಇವರು ಅಚ್ಚು ಹಾಕುತ್ತಾರೆ, ಇಷ್ಟು ಪ್ರತಿ ಮತ್ತು ಇಷ್ಟು ದುಡ್ಡು ಕೊಡುತ್ತಾರೆ, ಶಾಲು ಹೊದಿಸುತ್ತಾರೆ. ವಿಶ್ವಾಸದ ವ್ಯವಹಾರ ಅದು, ನನಗೆ ಅದರ ಮೇಲೆ ಗೌರವ ಇದೆ. ಆದರೆ ಕಾಯ್ದೆಯ 19ನೇ ಸೆಕ್ಷನ್ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಸಹಿ ಇರಬೇಕು ಎನ್ನುತ್ತದೆ. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಇನ್ನೊಂದು ಮಾತು 2012ರ ತಿದ್ದುಪಡಿಯಲ್ಲಿ ಸೇರಿತು. ಸಹಿ ಹಾಕುವಾಗ ಬಳಕೆಯಲ್ಲೇ ಇರದ ಮಾಧ್ಯಮಕ್ಕೆ, ಅದರ ಹೆಸರು ಬಿಡಿಸಿ ಬರೆಯದಿದ್ದರೆ, ಆ ವರ್ಗಾವಣೆ ಅನ್ವಯಿಸುವುದಿಲ್ಲ. ಅಂದರೆ ಕರಾರೇ ಇಲ್ಲದ ಈ ಅರವತ್ತು ಪುಸ್ತಕಗಳಲ್ಲಿ ಯಾವುದನ್ನೂ ಇ-ಪುಸ್ತಕ ಮಾಡುವ ಹಕ್ಕು ಮಾಸ್ತರರಿಗೆ ಇರಲಿಲ್ಲ. ಕಳ್ಳನಿಗೆ ಯಾವ ಕಾಗದವೂ ಬೇಕಿಲ್ಲ, ನಮಗೆ ಎಲ್ಲ ಕಾಗದವೂ ಬೇಕು.

ಆ ದಿನ ಮೇಡಂ ಅವರನ್ನು ಕರೆಸಿ ದೂರು ಕೊಡಿಸಬಹುದಿತ್ತು. ಫೋನ್ ಮಾಡಿದೆವು. ಅವರು ಎಲ್ಲ ಕೇಳಿ ಒಂದೇ ಮಾತು ಕೇಳಿದರು. "ಆ ಪಿಡಿಎಫ್‌ದಾಗ 97 ಅಂತಲೇ ಅದ ಏನ್ರಿ?"

ಹೌದು ಅಂದೆವು.

"ಹಂಗಾದ್ರ ಮೊದ್ಲು ಅದನ್ನ ತಿದ್ರಿ. ದುಡ್ಡು ಹೋದ್ರ ಹೋಗ್ಲಿ. ನನ್ನ ಹೆಸರಿನ ಪುಸ್ತಕ ಓದಿ ಹುಡುಗ್ರು ಪರೀಕ್ಷಾದಾಗ ತಪ್ಪು ಬರೀಬಾರ್ದು."

ಕದ್ದವರ ಚಾನೆಲ್‌ನಲ್ಲೇ ತಿದ್ದುಪಡಿ

ಎರಡನೇ ಪ್ರೂಫಿಗೂ ಅಚ್ಚಾದ ಪುಸ್ತಕಕ್ಕೂ ನಡುವೆ ಒಟ್ಟು 41 ತಿದ್ದುಪಡಿಗಳಿದ್ದವು. ಮೇಡಂ ಅವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ನಾನು ಎರಡು ಪುಟದ ಪಿಡಿಎಫ್ ಮಾಡಿದೆ. "ನಿಮ್ಮ ಕೈಯಲ್ಲಿರುವುದು ಕರಡು ಪ್ರತಿ, ಅದರಲ್ಲಿ ಈ ತಪ್ಪುಗಳಿವೆ, ದಯವಿಟ್ಟು ತಿದ್ದಿಕೊಳ್ಳಿ" ಅಂತ ಮೇಲೆ ಬರೆದೆವು. ಕೆಳಗೆ ಅಂಗಡಿಯ ವಿಳಾಸ. ಪುಸ್ತಕ ಕೊಳ್ಳಿ ಅಂತ ಬರೆಯಲಿಲ್ಲ, ಮೇಡಂ ಬೇಡ ಎಂದರು.

ಆ ಹುಡುಗನೇ ಅದನ್ನು ಎಲ್ಲ ಚಾನೆಲ್‌ಗಳಿಗೆ, ಗುಂಪುಗಳಿಗೆ ಹಾಕಿದ. ಮರುದಿನದಿಂದ ಅಂಗಡಿಗೆ ಜನ ಬರತೊಡಗಿದರು. ಕೆಲವರು ಕರಡನ್ನು ಓದಿಬಿಟ್ಟಿದ್ದಕ್ಕೆ ಭಯಪಟ್ಟು ಪುಸ್ತಕ ಕೊಂಡರು. ಜಾಸ್ತಿ ಜನ ಬರೀ ಕೇಳಿ ಹೋದರು. ಅವರು ಏನು ಕೇಳುತ್ತಿದ್ದರು ಅಂತ ಸೊಸೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದೇ ನೋಟ್‌ಬುಕ್ಕು.

"ಬರೀ ಸಂವಿಧಾನದ ಭಾಗ ಸಿಗ್ತದೇನ್ರಿ?" ಇದು ಅತಿ ಹೆಚ್ಚು ಸಲ. "ವ್ಯಾಕರಣ ಒಂದೇ ಕೊಡ್ರಿ." "ಇತಿಹಾಸ ನನ್ನ ಕಡಿ ಬ್ಯಾರೆ ಅದ, ಅದಕ್ಕ ಯಾಕ ರೊಕ್ಕ ಕೊಡ್ಲಿ?" "ಲೈಬ್ರರಿಗೆ ಒಯ್ಲಿಕ್ಕ ಭಾರ ಆಗ್ತದ ರೀ."

ಹುಡುಗರು ಪುಸ್ತಕ ಬೇಡ ಎನ್ನುತ್ತಿರಲಿಲ್ಲ. 250 ರೂಪಾಯಿಯ 320 ಪುಟ ಒಟ್ಟಿಗೆ ಬೇಡ ಎನ್ನುತ್ತಿದ್ದರು. ಪಿಡಿಎಫ್‌ನಲ್ಲಿ ಅವರಿಗೆ ಬೇಕಾದ ಅಧ್ಯಾಯ ಮಾತ್ರ ತೆಗೆದು ಪ್ರಿಂಟ್ ಹಾಕಿಸಿಕೊಳ್ಳಬಹುದು. ನಮ್ಮ ಪುಸ್ತಕದಲ್ಲಿ ಆ ಅನುಕೂಲ ಇರಲಿಲ್ಲ.

ಅಟ್ಟದ ಮೇಲೆ ಆಗ 1300ಕ್ಕೂ ಮೇಲೆ ಪ್ರತಿಗಳು. ಪರೀಕ್ಷೆ ಮುಗಿದರೆ ಎಲ್ಲ ರದ್ದಿ. ಜೂನ್ ತಿಂಗಳಲ್ಲಿ ಮಾಸ್ತರರು ಒಂದು ನಿರ್ಧಾರ ಮಾಡಿದರು. ನಾನು ಬೇಡ ಎಂದೆ, ಅವರು ಕೇಳಲಿಲ್ಲ. ಸಾವಿರ ಪ್ರತಿಗಳನ್ನು ಬೈಂಡರ್ ಹತ್ತಿರ ಒಯ್ದು ಕೊಯ್ಯಿಸಿದರು.

ಅದನ್ನು ನಾನು ನಿಂತು ನೋಡಿದೆ. ಬೈಂಡರ್ ಒಂದೊಂದೇ ಪುಸ್ತಕದ ಮುಖಪುಟವನ್ನು ಬೆನ್ನಿನಿಂದ ಕಿತ್ತ. ಐದೈದು ಪುಸ್ತಕ ಜೋಡಿಸಿ ಕಟಿಂಗ್ ಮೆಷಿನ್ನಿಗೆ ಇಟ್ಟು ಹ್ಯಾಂಡಲ್ ಇಳಿಸಿದ. ಗೋಂದಿನ ಬೆನ್ನು ನಾಲ್ಕು ಮಿಲಿಮೀಟರ್ ಅಗಲದ ಪಟ್ಟಿಯಾಗಿ ಕೆಳಗೆ ಬಿತ್ತು. ಹಾಳೆಗಳು ಬಿಡಿಬಿಡಿಯಾದವು. ಅಧ್ಯಾಯ ಮುಗಿಯುವ ಕಡೆ ಬೆರಳಿಟ್ಟು ನಾಲ್ಕು ಭಾಗ ಮಾಡಿದ. ಪ್ರತಿ ಭಾಗಕ್ಕೆ ಹೊಸ ತೆಳು ರಟ್ಟು, ಪಕ್ಕದಿಂದ ಎರಡು ಪಿನ್ನು. ನಾನು ಅಂಚಿನ ಜಾಗ ಸ್ವಲ್ಪ ಧಾರಾಳವಾಗಿ ಬಿಟ್ಟಿದ್ದೆ, ಹಾಗಾಗಿ ಅಕ್ಷರ ಪಿನ್ನಿಗೆ ಸಿಗಲಿಲ್ಲ. ಒಂದು ತೆಳು ಪುಸ್ತಕಕ್ಕೆ 9 ರೂಪಾಯಿ ಖರ್ಚು. ಬೆಲೆ 60 ರೂಪಾಯಿ. ಎಂಬತ್ತು ಪುಟಕ್ಕೆ ಆಚೀಚೆ. ಅಷ್ಟೇ ಪುಟ ಝೆರಾಕ್ಸ್ ಹಾಕಿಸಿ ಸ್ಪೈರಲ್ ಮಾಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅದರಲ್ಲಿ ತಪ್ಪು ಬೇರೆ.

ಸಂವಿಧಾನದ ಸಾವಿರ ಪ್ರತಿ ಪರೀಕ್ಷೆಗೆ ಮೊದಲೇ ಖಾಲಿಯಾದವು. ವ್ಯಾಕರಣ ಸುಮಾರು 900. ಇತಿಹಾಸ ಅರ್ಧದಷ್ಟು. ಅರ್ಥಶಾಸ್ತ್ರ ಹೋಗಲೇ ಇಲ್ಲ, 700ರ ಹತ್ತಿರ ಇನ್ನೂ ಉಳಿದಿವೆ. ಕೋಚಿಂಗ್ ಗಲ್ಲಿಯ ಸ್ಟಡಿ ರೂಮುಗಳಿಗೆ ಸೊಸೆಯೇ ಸ್ಕೂಟಿಯಲ್ಲಿ ಒಯ್ದು ಕೊಟ್ಟರು, ಅಲ್ಲಿ ಕಮಿಷನ್ ಕಡಿಮೆ. ಮುದ್ರಣದ ಸಾಲ ತೀರಿತು, ಮೇಡಂ ಅವರ ರಾಯಲ್ಟಿಯೂ ಸಂದಿತು. ಲಕ್ಷ ಉಳಿಯಲಿಲ್ಲ. ಉಳಿದದ್ದು 28 ಸಾವಿರ.

ಈ ನಡುವೆ ಒಂದು ತಪ್ಪು ಹೆಜ್ಜೆಯನ್ನೂ ಇಟ್ಟೆವು. ನಿಮ್ಮ ಪ್ರಕಾಶನಕ್ಕೇ ಸ್ವಂತ ಆ್ಯಪ್ ಮಾಡಿಕೊಡುತ್ತೇವೆ ಎಂದು ಒಬ್ಬರು ಬಂದರು. ಮುಂಗಡ ಕೊಟ್ಟೆವು. ಮೂರು ತಿಂಗಳಿಗೆ ಬಂದ ಆ್ಯಪ್‌ನಲ್ಲಿ ಕನ್ನಡ ಒತ್ತಕ್ಷರಗಳೇ ಸರಿ ಕೂರುತ್ತಿರಲಿಲ್ಲ. ಅಲ್ಲಿಗೆ ಬಿಟ್ಟೆವು.

ಹಳೇ ಪುಸ್ತಕ, ಹೊಸ ಅಕ್ಷರ

ಗೈಡಿನ ಕಥೆ ಅಷ್ಟಾಯಿತು. ಆದರೆ ಆ ಠಾಣೆಯ ಪ್ರಶ್ನೆ ಮಾಸ್ತರರ ತಲೆಯಿಂದ ಹೋಗಲಿಲ್ಲ. ಹಳೇ ಪುಸ್ತಕಗಳ ಹಕ್ಕಿನ ಕಾಗದ ಮಾಡಿಸಬೇಕು, ಅವನ್ನು ಫೋನಿನಲ್ಲಿ ಸಿಗುವ ಹಾಗೆ ಮಾಡಬೇಕು ಎಂದು ಹಟ ಹಿಡಿದರು. ಒಂದೂವರೆ ಪುಟದ ಕರಾರು ಪತ್ರ ತಯಾರಾಯಿತು. ಮುದ್ರಣ, ಇ-ಪುಸ್ತಕ, ಧ್ವನಿ ಪುಸ್ತಕ ಮೂರನ್ನೂ ಬೇರೆಬೇರೆ ಬರೆದು, ಪ್ರತಿಯೊಂದಕ್ಕೂ ಲೇಖಕರ ಪಾಲು ಎಷ್ಟು ಅಂತ ಹಾಕಿದೆವು. ಒಪ್ಪದಿದ್ದರೆ ಆ ಸಾಲು ಹೊಡೆದು ಸಹಿ ಹಾಕಬಹುದು.

ಭಾನುವಾರಗಳಂದು ನಾನು ಮತ್ತು ಮಾಸ್ತರರು ಬೈಕಿನಲ್ಲಿ ಹೊರಡುತ್ತಿದ್ದೆವು. ಆಳಂದ ಕಡೆ ಒಬ್ಬ ಕವಿಯ ಮನೆಗೆ ಹೋದೆವು. ಕವಿ ತೀರಿಕೊಂಡು ಹನ್ನೊಂದು ವರ್ಷ. ನಮ್ಮ ದೇಶದಲ್ಲಿ ಬರೆದವರು ಹೋದ ಮೇಲೂ 60 ವರ್ಷ ಹಕ್ಕು ಮನೆಯವರಿಗೆ ಇರುತ್ತದೆ. ಅವರ ಹೆಂಡತಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದರು. ಮಾಸ್ತರರು ವಿಷಯ ಹೇಳಿದರು. ಅವರು ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಇನ್ನೂ ಯಾರರೆ ಅವರ್ದು ಓದ್ತಾರೇನ್ರಿ ಮಾಸ್ತರ?"

"ಓದ್ಲಿ ಅಂತಲೇ ಬಂದೀವಿ ತಾಯಿ."

ಒಳಗೆ ಹೋಗಿ ಒಂದು ಟ್ರಂಕು ತಂದರು. ಅದರಲ್ಲಿ ಅಚ್ಚಾಗದ ಕವಿತೆಗಳ ಒಂದು ಕಟ್ಟು ಇತ್ತು.

ಹೀಗೆ 22 ಪುಸ್ತಕಗಳಿಗೆ ಸಹಿ ಸಿಕ್ಕಿತು. ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರು ಒಪ್ಪಲಿಲ್ಲ. ಕೆಲವು ಲೇಖಕರ ಮನೆಯೇ ಸಿಗಲಿಲ್ಲ.

ಆಮೇಲೆ ನನ್ನ ಕೆಲಸ. ಹಳೇ ಪುಸ್ತಕಗಳೆಲ್ಲ ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶದಲ್ಲಿ, ನುಡಿ ತಂತ್ರಾಂಶದ ಹಳೇ ಆಸ್ಕಿ ಅಕ್ಷರಗಳಲ್ಲಿ ಇವೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಆದರೆ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತಿರುವುದಿಲ್ಲ. ಕಾಪಿ ಮಾಡಿ ಫೋನಿಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು. ಇ-ಪುಸ್ತಕಕ್ಕೆ ಯೂನಿಕೋಡ್ ಬೇಕು, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಗೊತ್ತಾಗುವ ಅಕ್ಷರ ಸಂಕೇತ. ಬದಲಿಸುವ ತಂತ್ರಾಂಶ ಇದೆ, ಆದರೆ ಅದನ್ನು ನಂಬಿ ಬಿಡುವ ಹಾಗಿಲ್ಲ. 'ಕರ್ನಾಟಕ' ಎಂಬ ಪದವನ್ನೇ ನೋಡಿ. ಹಳೇ ಪದ್ಧತಿಯಲ್ಲಿ ಮೊದಲು 'ನಾ', ಅದರ ಪಕ್ಕ ಅರ್ಕಾವತ್ತಿನ ಗುರುತು, ನಾವು ಕೈಯಲ್ಲಿ ಬರೆದ ಹಾಗೆ. ಯೂನಿಕೋಡಿನಲ್ಲಿ 'ರ್' ಮೊದಲು, 'ನಾ' ಆಮೇಲೆ, ನಾವು ಬಾಯಲ್ಲಿ ಅಂದ ಹಾಗೆ. ತಂತ್ರಾಂಶ ಎಲ್ಲೋ ಒಂದು ಕಡೆ ಜಾಗ ತಪ್ಪಿದರೆ ಆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ. 'ಧರ್ಮ' ಒಡೆಯುತ್ತದೆ, 'ಸೂರ್ಯ' ಒಡೆಯುತ್ತದೆ. ಒಂದು ಪುಸ್ತಕಕ್ಕೆ ಸಾಲುಸಾಲು ಕೂತು ಓದಿ ತಿದ್ದಲು ನನಗೆ ಹತ್ತು ದಿನ ಬೇಕು. ಕನ್ನಡದ ಇ-ಪುಸ್ತಕಗಳು ತಡವಾಗಿ ಬಂದದ್ದಕ್ಕೆ ಓದುಗರನ್ನು ದೂರುವವರು ಒಮ್ಮೆ ಈ ಕೆಲಸ ಮಾಡಿ ನೋಡಬೇಕು.

ಎಲ್ಲಿ ಮಾರುವುದು ಎಂಬುದು ಇನ್ನೊಂದು ತೊಡಕು. 2016ರ ಕೊನೆಯಲ್ಲಿ ಅಮೆಜಾನ್‌ನ ಇ-ಪುಸ್ತಕದ ಅಂಗಡಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಕೊರತೆಯನ್ನು ಮುಂದೆ ಸ್ವಲ್ಪ ತುಂಬಿದ್ದು ಗೂಗಲ್ ಪ್ಲೇ ಬುಕ್ಸ್ ಮತ್ತು 2020ರಲ್ಲಿ ಬಂದ, ಕನ್ನಡದವರೇ ಕಟ್ಟಿದ ಮೈಲ್ಯಾಂಗ್. ತೆರಿಗೆಯಲ್ಲೂ ವ್ಯತ್ಯಾಸ ಇದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕದ ಇ-ಪ್ರತಿಗೆ ನೂರಕ್ಕೆ 5. ಇದು ನನಗೆ ಸರಿ ಕಾಣುವುದಿಲ್ಲ. ಓದು ಒಂದೇ ಅಲ್ವಾ?

ಮೊದಲಿಗೆ 14 ಪುಸ್ತಕ ಹಾಕಿದೆವು. ಆರು ತಿಂಗಳಲ್ಲಿ ಎಲ್ಲ ಸೇರಿ 130ರ ಆಸುಪಾಸು ಪ್ರತಿ ಹೋದವು. ದುಡ್ಡಿನ ಲೆಕ್ಕದಲ್ಲಿ ಇದು ನನ್ನ ಹತ್ತು ದಿನದ ಕೂಲಿಗೂ ಸಾಲದು. ಆದರೆ ಸೊಲ್ಲಾಪುರದಿಂದ ಒಬ್ಬರು ಮಾಸ್ತರರಿಗೆ ಫೋನ್ ಮಾಡಿ, ಆ ಆಳಂದದ ಕವಿಯ ಪುಸ್ತಕ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೆ, ನಿನ್ನೆ ರಾತ್ರಿ ಫೋನಿನಲ್ಲಿ ಸಿಕ್ಕಿತು ಎಂದರು. ಮಾಸ್ತರರು ಆ ಫೋನನ್ನು ಸ್ಪೀಕರಿಗೆ ಹಾಕಿ ನಮ್ಮೆಲ್ಲರಿಗೂ ಕೇಳಿಸಿದರು. ಆ ಕವಿಯ ಹೆಂಡತಿಗೆ ಹೋದ ಮೊದಲ ರಾಯಲ್ಟಿ 212 ರೂಪಾಯಿ. ನಾನೇ ಕೊಟ್ಟು ಬಂದೆ.

ಈಗ ನಮ್ಮಲ್ಲಿ ಪ್ರೂಫ್ ಕಳಿಸುವ ರೀತಿ ಬದಲಾಗಿದೆ. ಪ್ರತಿ ಪುಟದ ಮೇಲೆ ಅಡ್ಡಲಾಗಿ, ಯಾರಿಗೆ ಕಳಿಸಿದ್ದೋ ಅವರ ಹೆಸರು ತೆಳು ಬಣ್ಣದಲ್ಲಿ ಇರುತ್ತದೆ. ಝೆರಾಕ್ಸ್ ಅಂಗಡಿಗೆ ಫೈಲು ಹೋಗುವುದಿಲ್ಲ, ಮಾಸ್ತರರು ಒಂದು ಸಣ್ಣ ಪ್ರಿಂಟರ್ ತಂದಿದ್ದಾರೆ. ಗೈಡುಗಳು ಮೊದಲಿಂದಲೇ ತೆಳು ಭಾಗಗಳಾಗಿ ಬರುತ್ತವೆ. 2000 ಒಟ್ಟಿಗೆ ಹಾಕುವುದನ್ನು ಬಿಟ್ಟು 500, 500 ಹಾಕುತ್ತೇವೆ. ಪ್ರತಿಗೆ ಖರ್ಚು ಸ್ವಲ್ಪ ಜಾಸ್ತಿ, ಆದರೆ ಅಟ್ಟ ತುಂಬುವುದಿಲ್ಲ. ಪಿಡಿಎಫ್ ಕಳ್ಳತನ ನಿಂತಿಲ್ಲ. ಮೊನ್ನೆ ವ್ಯಾಕರಣದ ಭಾಗವನ್ನು ಯಾರೋ ಫೋನಿನಲ್ಲಿ ಪುಟಪುಟ ಫೋಟೊ ತೆಗೆದು ಹಾಕಿದ್ದಾರೆ, ಅಂಚಿನಲ್ಲಿ ಹೆಬ್ಬೆರಳು ಕಾಣುತ್ತದೆ. ಸೊಸೆ ಎಂದಿನಂತೆ ದೂರಿನ ಇಮೇಲ್ ಕಳಿಸಿದ್ದಾರೆ.

ತತ್ವಪದ

28 ಸಾವಿರದಲ್ಲಿ 70 ಸಾವಿರದ ಪುಸ್ತಕ ಆಗುವುದಿಲ್ಲ. ಸೊಸೆ ಒಂದು ಉಪಾಯ ಹೇಳಿದರು. ಪುಸ್ತಕ ಅಚ್ಚಾಗುವ ಮೊದಲೇ ಮುಂಗಡ ತೆಗೆದುಕೊಳ್ಳೋಣ, ಕೊಟ್ಟವರ ಊರಿನ ಹೆಸರು ಪುಸ್ತಕದ ಕೊನೆಗೆ ಹಾಕೋಣ. ಭಜನೆ ಮೇಳಗಳ ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಹೋಯಿತು. ಒಂದೊಂದು ಮೇಳ ಐದು, ಹತ್ತು ಪ್ರತಿ ಬರೆಸಿತು. ದುಡ್ಡು ಕೂಡಿತು.

ಈ ಪದಗಳ ಮೇಲೆ ಯಾರ ಹಕ್ಕೂ ಇಲ್ಲ. ಬರೆದವರು ಹೋಗಿ ನೂರು ವರ್ಷದ ಮೇಲಾಯಿತು, ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಬಹುದು. ಹಿರಿಯರ ಮೂವತ್ತು ವರ್ಷದ ಸಂಗ್ರಹ, ಪಾಠಾಂತರದ ಟಿಪ್ಪಣಿ ಮಾತ್ರ ಅವರದು. ಇದನ್ನು ಕದ್ದು ಹಂಚಿದರೆ ಏನು ಮಾಡುವುದು ಅಂತ ನಾನು ಕೇಳಿದೆ. "ಹಾಡು ಹಂಚ್ಲಿ, ಒಳ್ಳೇದೇ ಆಯ್ತು" ಅಂದರು ಹಿರಿಯರು. ಅವರ ಮೇಳದವರನ್ನೇ ಕೂರಿಸಿ, ಏಕತಾರಿ, ದಮ್ಮಡಿ, ತಾಳದ ಜೊತೆ ನಲವತ್ತು ಪದ ರೆಕಾರ್ಡ್ ಮಾಡಿದೆವು. ಪದದ ಪಕ್ಕ ಕ್ಯೂಆರ್ ಕೋಡ್ ಹಾಕಿದೆವು. ಫೋನ್ ಹಿಡಿದರೆ ಹಾಡು ಕೇಳುತ್ತದೆ, ಪುಸ್ತಕ ಕೊಂಡವರಿಗೂ, ಕೊಳ್ಳದವರಿಗೂ.

2025ರ ಹೋಳಿ ಆದ ಮೇಲೆ ಬಂದ ಶರಣಬಸವೇಶ್ವರ ಜಾತ್ರೆಯಲ್ಲಿ ಒಂದು ಮೇಜು ಹಾಕಿ ಪುಸ್ತಕ ಇಟ್ಟೆವು. ಧೂಳು, ಬಿಸಿಲು, ಮೈಕಿನ ಗದ್ದಲ. ಸಂಜೆ ಹೊತ್ತಿಗೆ ರುಮಾಲು ಸುತ್ತಿದ ಒಬ್ಬ ಮುದುಕರು ಮೊಮ್ಮಗನ ಕೈ ಹಿಡಿದು ಬಂದರು. ಅವರಿಗೆ ಓದು ಬರುವುದಿಲ್ಲ. ಮೊಮ್ಮಗ ಒಂದು ಪುಟ ತೆರೆದು ಫೋನ್ ಹಿಡಿದ, ಹಾಡು ಶುರುವಾಯಿತು. ಮುದುಕರು ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿದರು.

"ಛಲೋ ಹಾಡ್ಯಾರ. ಖರೆ, ಮೂರನೇ ನುಡಿದಾಗ ತಪ್ಪ್ ಅದ ನೋಡ್ರಿ" ಅಂದರು. "ನಮ್ಮೂರಾಗ ಹಿಂಗ ಹಾಡಂಗಿಲ್ಲ."

ಹೆಂಗ ಹಾಡ್ತೀರಿ ಅಂತ ಮಾಸ್ತರರು ಕುರ್ಚಿ ಎಳೆದು ಕೊಟ್ಟರು. ಮುದುಕರು ಕೂತು, ಗಂಟಲು ಸರಿಮಾಡಿಕೊಂಡು ಹಾಡಿದರು. ಸೊಸೆ ಫೋನಿನ ರೆಕಾರ್ಡರ್ ಒತ್ತಿ ಅವರ ಮುಂದೆ ಇಟ್ಟರು, ಆ ಹಳೇ ನೋಟ್‌ಬುಕ್ ತೆಗೆದು ಪುಟದ ನಂಬರ್ ಬರೆದುಕೊಂಡರು.